ಎರಡೂ ಗಣರಾಜ್ಯ, ಧರ್ಮವೂ ಒಂದೇ: ಹಾಗಿದ್ದರೂ ಯುದ್ಧ ಯಾಕೆ?

ಪ್ರಶ್ನೆ: 1651ರಲ್ಲಿ ಇಂಗ್ಲೆಂಡಿನಲ್ಲೂ ಡಚ್ಚರ ನಾಡಿನಲ್ಲೂ (ಈಗಿನ ನೆದರ್ಲೆಂಡ್ಸ್) ರಾಜರಿರಲಿಲ್ಲ. ಎರಡೂ ಕಡೆ ಪ್ರೊಟೆಸ್ಟೆಂಟರ ಆಳ್ವಿಕೆ. ಆದರೂ ಮರುವರ್ಷವೇ ಇವೆರಡರ ನಡುವೆ ಯುದ್ಧ. ಇದು ಜನರಿಗೆ ಬೇಕಿತ್ತಾ? ಸಮೀಕ್ಷೆಗಳೇ ಇಲ್ಲದ ಕಾಲದ ಜನಾಭಿಪ್ರಾಯ ನಮಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಬೀದಿಯ ಗಲಾಟೆ, ಅಚ್ಚಾದ ಕರಪತ್ರ, ರಾಯಭಾರಿಗಳ ದೂರು. ಮುಖ್ಯವಾಗಿ ಇವುಗಳಿಂದಲೇ ಗೊತ್ತಾಗುವುದು.

ಮೊದಲು ಡಚ್ಚರ ಆಡಳಿತ ನಡೆಯುತ್ತಿದ್ದ ಹೇಗ್ ನಗರ ನೋಡಿ. ಇಂಗ್ಲೆಂಡಿನ ರಾಯಭಾರಿ ಐಸಾಕ್ ಡೋರಿಸ್ಲಾಸ್‌ನನ್ನು 1649ರಲ್ಲಿ ಇಂಗ್ಲೆಂಡಿನ ರಾಜಪಕ್ಷದವರು ಅಲ್ಲೇ ಕೊಂದಿದ್ದರು. ಇಂಗ್ಲೆಂಡಿನ ಚಾರ್ಲ್ಸ್ ದೊರೆಯ ತಲೆ ಕಡಿಸಿದ ವಿಚಾರಣೆಯಲ್ಲಿ ಅವನೂ ಕೆಲಸ ಮಾಡಿದ್ದ. 1651ರಲ್ಲಿ ಇಂಗ್ಲೆಂಡಿನ ರಾಯಭಾರಿಗಳಾದ ಆಲಿವರ್ ಸೇಂಟ್ ಜಾನ್ ಮತ್ತು ವಾಲ್ಟರ್ ಸ್ಟ್ರಿಕ್‌ಲ್ಯಾಂಡ್, ಎರಡು ನಾಡುಗಳು ಹತ್ತಿರದಿಂದ ಒಂದಾಗಲಿ ಎಂಬ ಪ್ರಸ್ತಾಪ ಹೊತ್ತು ಅದೇ ಊರಿಗೆ ಹೋದರು. ಜನ ಬೀದಿಯಲ್ಲೇ ಛೀಮಾರಿ ಹಾಕಿದರು. ಚಾರ್ಲ್ಸ್‌ನ ಸೋದರಳಿಯ ಎಡ್ವರ್ಡ್ ಎದುರಿಗೇ ಬೈದ. ಯಾಕೆ ಅಂತೀರಾ? ಡಚ್ ನಾಡಿನ ದೊಡ್ಡ ಪ್ರಾಂತ್ಯವಾದ ಹಾಲೆಂಡಿನ ಆಡಳಿತಗಾರರಿಗೆ ವ್ಯಾಪಾರ ಮುಖ್ಯ, ಶಾಂತಿ ಬೇಕಿತ್ತು. ಬೀದಿಯ ಜನರಲ್ಲಿ ಬಹಳಷ್ಟು ಮಂದಿಗೆ ಡಚ್ ನಾಡನ್ನು ಹಿಂದೆ ಮುನ್ನಡೆಸಿದ್ದ ಆರೆಂಜ್ ಮನೆತನದ ಮೇಲೆ ಪ್ರೀತಿ, ಆ ಮನೆಗೆ ಸೊಸೆಯಾಗಿ ಬಂದವಳು ಚಾರ್ಲ್ಸ್‌ನ ಮಗಳು. ಹಾಗಾಗಿ 'ಡಚ್ಚರ ಅಭಿಪ್ರಾಯ' ಅಂತ ಒಂದೇ ಇರಲಿಲ್ಲ.

ಮಾತುಕತೆ ಮುರಿಯಿತು. ಅದೇ ವರ್ಷ ಇಂಗ್ಲೆಂಡ್ ನೌಕಾಯಾನ ಕಾಯ್ದೆ (ತನ್ನ ನಾಡಿಗೆ ಸರಕು ತರುವ ಪರದೇಶಿ ಹಡಗುಗಳಿಗೆ ಕಡಿವಾಣ) ತಂದು ಡಚ್ ಹಡಗುಗಳ ಸಾಗಣೆ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿತು.

ಇತ್ತ ಲಂಡನ್‌ನಲ್ಲಿ ಹಳೇ ಗಾಯವನ್ನು ಕೆರೆಯುವ ಕೆಲಸ ನಡೆಯಿತು. 1623ರಲ್ಲಿ, ಈಗಿನ ಇಂಡೊನೇಷ್ಯಾದ ಅಂಬೋನ್‌ನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರು 10 ಇಂಗ್ಲಿಷರ ತಲೆ ಕಡಿಸಿದ್ದರು. ಅದಕ್ಕೂ ಮೊದಲು ಮುಖಕ್ಕೆ ಬಟ್ಟೆ ಬಿಗಿದು, ಉಸಿರು ಕಟ್ಟುವಷ್ಟು ನೀರು ಸುರಿದು ಹಿಂಸಿಸಿದ್ದರು. ಆ ಕಥೆಯ ಪುಸ್ತಕ 1651ರಲ್ಲಿ ಮತ್ತೆ ಅಚ್ಚಾಯಿತು. ಸುಮಾರು 28 ವರ್ಷ ಹಳೆಯ ಘಟನೆ ಸರಿಯಾಗಿ ಆಗಲೇ ಪೇಟೆಗೆ ಬಂದದ್ದು ಸುಮ್ನೆ ಅಲ್ಲ ಎಂದೇ ನನ್ನ ಅಭಿಪ್ರಾಯ. ಸಿಟ್ಟು ನಿಜವಾದದ್ದೇ. ಆದರೆ ಅದಕ್ಕೆ ಗಾಳಿ ಹಾಕಿದವರೂ ಇದ್ದರು, ಅಲ್ವಾ?

ಹಾಗಂತ ಜನರ ಸಿಟ್ಟೊಂದರಿಂದಲೇ ಯುದ್ಧ ಬಂತು ಅನ್ನಲಾರೆ. 1652ರ ಮೇ ತಿಂಗಳಲ್ಲಿ ಡೋವರ್ ಹತ್ತಿರ, ಬಾವುಟ ಇಳಿಸಿ ಗೌರವ ಕೊಡುವ ವಿಷಯಕ್ಕೆ ಡಚ್ಚರ ಟ್ರಾಂಪ್ ಮತ್ತು ಇಂಗ್ಲಿಷರ ಬ್ಲೇಕ್‌ರ ನೌಕಾಪಡೆಗಳು ಗುಂಡು ಹಾರಿಸಿಕೊಂಡವು. ಆಮೇಲೆ ರಾಜಿಯ ಮಾತೆತ್ತುವುದೇ ಎರಡೂ ಕಡೆ ಕಷ್ಟವಾಯಿತು.

ಜನರ ಮಾತಿಗೆ ಎಷ್ಟು ತೂಕವಿತ್ತು ಎಂಬುದು ಯುದ್ಧ ಮುಗಿಸಿದ 1654ರ ಒಪ್ಪಂದದಲ್ಲಿ ಕಾಣುತ್ತದೆ. ಅಂಬೋನ್‌ನಲ್ಲಿ ಸತ್ತವರ ವಾರಸುದಾರರಿಗೆ ಪರಿಹಾರ ಕೊಡಲು ಡಚ್ಚರು ಒಪ್ಪಿದರು. ಆರೆಂಜ್ ಮನೆತನಕ್ಕೆ ಅಧಿಕಾರ ಕೊಡುವುದಿಲ್ಲ ಎಂದು ಹಾಲೆಂಡ್ ಪ್ರಾಂತ್ಯ ಆಗ ಇಂಗ್ಲೆಂಡನ್ನು ಆಳುತ್ತಿದ್ದ ಕ್ರಾಮ್‌ವೆಲ್‌ಗೆ ಗುಟ್ಟಾಗಿ ಮಾತು ಕೊಟ್ಟಿತು. ಗುಟ್ಟು ರಟ್ಟಾದಾಗ ಎಂಥ ಗದ್ದಲ ಎದ್ದಿತೆಂದರೆ, ಹಾಲೆಂಡಿನ ನಾಯಕ ಯೋಹಾನ್ ಡಿ ವಿಟ್ ಉದ್ದದ ಸಮರ್ಥನೆ ಬರೆದು ಅಚ್ಚು ಹಾಕಿಸಬೇಕಾಯಿತು.