ಶಿಲ್ಪದಂತಹ ಉಕ್ಕಿನ ಕುರ್ಚಿ, ದೀಪ ಮಾಡಿಸಬೇಕು: ಆಕಾರ ಎಲ್ಲಿಂದ ಹುಡುಕಲಿ?

ಸ್ವಂತ ವಿನ್ಯಾಸದ ಒಂದು ಕುರ್ಚಿಯನ್ನೂ ಗೋಡೆ ದೀಪವನ್ನೂ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಕೆಂದಿದ್ದೀರಿ. ಆಕಾರ ಹೇಗೆ ಹೊಳೆಯುತ್ತದೆ, ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಮೆದು ಉಕ್ಕು) ಸರಿಯೋ ಸ್ಟೇನ್‌ಲೆಸ್ ಸರಿಯೋ ಎಂದು ಕೇಳಿದ್ದೀರಿ. ನಾನು ಫ್ಯಾಬ್ರಿಕೇಶನ್ ಕೆಲಸದಲ್ಲಿರುವವನು, ಆ ಕಡೆಯಿಂದಲೇ ಉತ್ತರಿಸುತ್ತೇನೆ.

ಆಕಾರದ ಚಿಂತೆ ಈಗಲೇ ಬೇಡ. ಮೊದಲು ಭಾರ ಎಲ್ಲಿ ಬೀಳುತ್ತದೆ ನೋಡಿ. ಫ್ರಾನ್ಸಿನ ನಾನ್ಸಿ ಪಟ್ಟಣದ ವಿನ್ಯಾಸಕ ಜ್ಯಾನ್ ಪ್ರೂವೆ ಕಮ್ಮಾರಿಕೆ ಕಲಿತು ಬಂದವರು. ಅವರ 'ಸ್ಟ್ಯಾಂಡರ್ಡ್' ಕುರ್ಚಿ 1934ರದು. ಕೂತವರು ಹಿಂದಕ್ಕೆ ಒರಗಿದಾಗ ಹೊರೆಯೆಲ್ಲ ಹಿಂಗಾಲುಗಳ ಮೇಲೆ, ಅದರಲ್ಲೂ ಆಸನವೂ ಬೆನ್ನೊರಗೂ ಕೂಡುವ ಜಾಗದಲ್ಲಿ ಬೀಳುತ್ತದೆ. ಆದ್ದರಿಂದ ಮುಂಗಾಲಿಗೆ ಸಣ್ಣ ಪೈಪು ಸಾಕೆಂದರು. ಹಿಂಗಾಲನ್ನು ಮಾತ್ರ ತಗಡು ಮಡಿಸಿ, ಒಳಗೆ ಟೊಳ್ಳು ಬಿಟ್ಟು, ಆಸನದ ಮಟ್ಟದಲ್ಲಿ ಅಗಲ ಮಾಡಿ, ಮೇಲಕ್ಕೂ ಕೆಳಕ್ಕೂ ಕಿರಿದಾಗಿಸಿದರು. ಪಕ್ಕದಿಂದ ನೋಡಿದರೆ ವಿಮಾನದ ರೆಕ್ಕೆಯಂತಿದೆ. ಅಂದಕ್ಕಾಗಿ ಎಳೆದ ಗೆರೆ ಅದರಲ್ಲಿ ಒಂದೂ ಇಲ್ಲವೆಂದೇ ನನಗೆ ತೋರುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ವಿನ್ಯಾಸಕ ರಾನ್ ಆರಾಡ್ ಅವರ 1986ರ 'ವೆಲ್ ಟೆಂಪರ್ಡ್ ಚೇರ್'. ಹದಗೊಳಿಸಿದ ತೆಳು ಉಕ್ಕಿನ ತಗಡುಗಳನ್ನು ಸುರುಳಿಯಾಗಿ ಬಾಗಿಸಿ ಬೋಲ್ಟಿನಲ್ಲಿ ಹಿಡಿದು ನಿಲ್ಲಿಸಿದ್ದಾರೆ, ಅಷ್ಟೇ. ಮತ್ತೆ ನೆಟ್ಟಗಾಗಲು ಹವಣಿಸುವ ತಗಡಿನ ಆ ಹಟವೇ ಕೂರುವವರಿಗೆ ಮೆತ್ತೆ. ಅದರ ಫೋಟೊ ಹಿಡಿದುಕೊಂಡು ಅಂಗಡಿಗೆ ಹೋಗುವುದೇನೋ ಸುಲಭ. ಆದರೆ ಸಾಮಾನ್ಯ ಎಂಎಸ್ ಶೀಟಿಗೆ ಆ ಗುಣವಿಲ್ಲ. ಮಿತಿ ಮೀರಿ ಬಾಗಿದರೆ ಬಾಗಿಯೇ ಉಳಿಯುತ್ತದೆ. ಮೊದಲ ಕುರ್ಚಿಗೆ ಪ್ರೂವೆ ದಾರಿಯನ್ನೇ ಹಿಡಿಯಿರಿ.

ತೂಕವನ್ನು ಕಾಗದದ ಮೇಲೆಯೇ ಲೆಕ್ಕ ಹಾಕಿ. ಒಂದು ಚದರ ಮೀಟರ್ ವಿಸ್ತೀರ್ಣದ, ಒಂದು ಮಿಲಿಮೀಟರ್ ದಪ್ಪದ ಉಕ್ಕು ಸುಮಾರು 7.85 ಕಿಲೊ ತೂಗುತ್ತದೆ. 'ಗಟ್ಟಿಯಾಗಿರಲಿ' ಎಂದು ಮೂರು ಮಿಲಿಮೀಟರ್ ಶೀಟು ಹಾಕಿಸಿದರೆ ಕುರ್ಚಿಯನ್ನು ಸರಿಸಲು ಇಬ್ಬರು ಬೇಕಾದೀತು. ಗಟ್ಟಿತನವನ್ನು ದಪ್ಪದಿಂದಲ್ಲ, ಮಡಿಕೆಯಿಂದ ತನ್ನಿ.

ಮನೆಯೊಳಗಾದರೆ ಎಂಎಸ್ ಮೇಲೆ ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಹಿಡಿಸುವ ಲೇಪ) ಸಾಕು. ಮಂಗಳೂರು, ಕಾರವಾರದ ಕಡೆ ವರಾಂಡದಲ್ಲಿ ಇಡುವುದಾದರೆ 316 ದರ್ಜೆಯ ಸ್ಟೇನ್‌ಲೆಸ್ ಕೇಳಿ. ಅಗ್ಗವೆಂದು 202 ಕೊಟ್ಟರೆ ಉಪ್ಪುಗಾಳಿಗೆ ಕಂದು ಕಲೆ ಬರುತ್ತದೆ. ಸ್ಟೇನ್‌ಲೆಸ್ ತಗಡಿಗೆ ಇನ್ನೊಂದು ಚಾಳಿ ಇದೆ. ಬಿಸಿಯಾದಾಗ ಎಂಎಸ್‌ಗಿಂತ ಹೆಚ್ಚು ಹಿಗ್ಗುತ್ತದೆ, ಶಾಖವನ್ನು ಮಾತ್ರ ಬೇಗ ಹರಡುವುದಿಲ್ಲ. ಉದ್ದಕ್ಕೂ ಒಂದೇ ಸಮನೆ ವೆಲ್ಡ್ ಮಾಡಿದರೆ ಅಲೆ ಏಳುತ್ತದೆ, ಬಫಿಂಗ್ ಮಾಡಿದ (ಉಜ್ಜಿ ಹೊಳಪು ಕೊಟ್ಟ) ಮೇಲಂತೂ ಎದ್ದು ಕಾಣುತ್ತದೆ. ಅಲ್ಲಲ್ಲಿ ಟ್ಯಾಕ್ (ಚುಕ್ಕಿಯಷ್ಟು ಸಣ್ಣ ಬೆಸುಗೆ) ಹಾಕಿ, ಜಾಗ ಬದಲಿಸುತ್ತ ಬೆಸೆಯಲು ಹೇಳಿ.

ದೀಪಕ್ಕೂ ಪ್ರೂವೆ ಅವರನ್ನೇ ನೋಡಿ. ಅವರ 'ಪೊಟಾನ್ಸ್' ದೀಪ ಗೋಡೆಯಿಂದ ಸುಮಾರು ಎರಡು ಮೀಟರ್ ಚಾಚುವ ಪೈಪು; ತುದಿಯಲ್ಲಿ ಬರೀ ಬಲ್ಬು, ಬಾಗದಂತೆ ಹಿಡಿಯಲು ಒಂದು ತಂತಿ. ಇಡೀ ತೋಳು ಪಕ್ಕಕ್ಕೆ ತಿರುಗುತ್ತದೆ. ಇಂಥದ್ದನ್ನು ಮಾಡಿಸಿದರೆ ಮೇಲಿನ ಬೋಲ್ಟನ್ನು ಆ ಉದ್ದ ಹೊರಕ್ಕೆ ಎಳೆಯುತ್ತದೆ ಎಂಬುದು ನೆನಪಿರಲಿ. ಟೊಳ್ಳು ಇಟ್ಟಿಗೆಯ ಗೋಡೆ ತಡೆಯಲಾರದು. ತೂತಿನ ಶೀಟಿನ ದೀಪವಾದರೆ ಒಳಗೆ ಒಂದೇ ಸಣ್ಣ ಬಲ್ಬು ಇಡಿ, ಗೋಡೆಯ ಮೇಲೆ ನೆರಳು ಚೂಪಾಗಿ ಮೂಡುತ್ತದೆ. ಎಲ್‌ಇಡಿ ಪಟ್ಟಿ ಸುತ್ತಿಸಿದರೆ ಎಲ್ಲ ಕಲಸಿಹೋಗುತ್ತದೆ. ವೈರು ಹಾಯುವ ತೂತಿಗೆ ರಬ್ಬರ್ ಬುಷ್ ಇರಲಿ. ಮನೆಯ ಕರೆಂಟು ನೇರವಾಗಿ ಬರುವ ಉಕ್ಕಿನ ದೀಪಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಅದನ್ನು ಗೋಡೆಗೆ ಏರಿಸಲೇಬೇಡಿ.

ನಕ್ಷೆ ಪೂರ್ತಿ ಮಾಡುವ ಮುನ್ನ ಬೆಂಡಿಂಗ್ ಮಷಿನ್ ಇರುವಲ್ಲಿಗೆ ಒಮ್ಮೆ ಹೋಗಿ, ಎಷ್ಟು ಉದ್ದದ ಶೀಟನ್ನು ಮಡಿಸಬಲ್ಲರು, ಅಂಚು ಕನಿಷ್ಠ ಎಷ್ಟು ಬಿಡಬೇಕು ಎಂದು ಕೇಳಿಕೊಳ್ಳಿ. ಅದು ಗೊತ್ತಾದ ಮೇಲೆ ರಟ್ಟಿನಲ್ಲಿ ನಿಜ ಅಳತೆಯ ಮಾದರಿ ಮಾಡಿ ಇಲ್ಲಿ ಫೋಟೊ ಹಾಕಿದರೆ, ಎಲ್ಲಿ ವೆಲ್ಡ್ ಕಡಿಮೆ ಮಾಡಬಹುದು ಎಂದು ಹೇಳುತ್ತೇನೆ.