ಆನೆ ಇದೆ, ಆದರೂ ನಮ್ಮ ಇಂಡಿಯಾ ಅಲ್ಲ

ಓದುಗರ ಪತ್ರ: ಮಗಳ ಜೊತೆ ಮಾಲ್ಟಾಗೆ ಹೋಗಿದ್ದೆ. ವಲೆಟ್ಟಾದ ಅರಮನೆಯ ಒಂದು ಕೋಣೆಯಲ್ಲಿ ಗೋಡೆ ತುಂಬ ಫ್ರೆಂಚ್ ಕಸೂತಿ ಚಿತ್ರಗಳಿವೆ. ಹೆಸರು ‘ಇಂಡೀಸ್’. ಆನೆಯೂ ಇದೆ! ಮುನ್ನೂರು ವರ್ಷದ ಹಿಂದೆಯೇ ಫ್ರೆಂಚರು ನಮ್ಮ ದೇಶವನ್ನು ಹೀಗೆ ಮೆರೆಸಿದ್ದಾರಲ್ಲ ಎಂದು ಹೆಮ್ಮೆಯಾಯಿತು. ಇದರ ಬಗ್ಗೆ ಬರೆಯಿರಿ.
– ಧಾರವಾಡದ ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಹೆಮ್ಮೆಗೆ ತಣ್ಣೀರು ಎರಚಲು ಮನಸ್ಸಿಲ್ಲ. ಆದರೆ ನೀವು ನೋಡಿದ್ದು ಹೆಚ್ಚಾಗಿ ಬ್ರೆಜಿಲ್.

17ನೇ ಶತಮಾನದಲ್ಲಿ ಬ್ರೆಜಿಲ್‌ನ ಒಂದು ಭಾಗ ಡಚ್ಚರ ಕೈಲಿತ್ತು. 1637ರಿಂದ 1644ರವರೆಗೆ ಅಲ್ಲಿ ಗವರ್ನರ್ ಆಗಿದ್ದ ಯೋಹಾನ್ ಮಾರಿಟ್ಸ್ ಚಿತ್ರಕಾರರನ್ನೂ ಕರೆದುಕೊಂಡು ಹೋಗಿದ್ದ. ಅವರಲ್ಲಿ ಆಲ್ಬರ್ಟ್ ಎಕೌಟ್ ಅಲ್ಲಿನ ಜನ, ಹಣ್ಣು, ಪ್ರಾಣಿಗಳನ್ನೆಲ್ಲ ಬರೆದ. ವಯಸ್ಸಾದ ಮೇಲೆ, 1679ರಲ್ಲಿ, ಮಾರಿಟ್ಸ್ ಅಂಥ ಚಿತ್ರಗಳನ್ನು ಫ್ರಾನ್ಸಿನ 14ನೇ ಲೂಯಿಗೆ ಕಾಣಿಕೆ ಕೊಟ್ಟ. ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆ ಅವನ್ನು ಇಟ್ಟುಕೊಂಡು ನೇಯತೊಡಗಿತು. ದೂರದ ಯಾವ ಹೊಸ ನಾಡಾದರೂ ಆಗಿನ ಯುರೋಪಿನವರ ಬಾಯಲ್ಲಿ ‘ಇಂಡೀಸ್’ ಅಲ್ವಾ, ಹೆಸರು ಹಾಗೇ ಉಳಿಯಿತು. ಆನೆ ಬ್ರೆಜಿಲ್‌ನದಲ್ಲ, ನಿಜ. ಆಫ್ರಿಕಾದ ಜೀಬ್ರಾ ಕೂಡ ಅಲ್ಲಿದೆ. ಆ ಚಿತ್ರಕ್ಕೆ ‘ಪಟ್ಟೆ ಕುದುರೆ’ ಎಂದೇ ಹೆಸರು! ವಿಚಿತ್ರವಾಗಿ ಕಂಡದ್ದೆಲ್ಲ ಒಂದೇ ಕಾಡಿಗೆ ಬಂದು ಸೇರಿತ್ತು. ಮಾಲ್ಟಾದ ಸೆಟ್ಟನ್ನು ಆಗ ಆ ದ್ವೀಪವನ್ನು ಆಳುತ್ತಿದ್ದ ನೈಟ್‌ಗಳ (ಕ್ರೈಸ್ತ ಯೋಧರ ಸಂಘದ) ಮುಖ್ಯಸ್ಥ ರಮೋನ್ ಪೆರೆಯೋಸ್ 1708ರಲ್ಲಿ ಹೇಳಿ ಮಾಡಿಸಿದ್ದು.

ಇನ್ನೊಂದು ಮಾತು. ಧಾರವಾಡದವರಾಗಿ ನೀವೇ ಇದನ್ನು ಕಸೂತಿ ಅಂದರೆ ಹೇಗೆ? ಕಸೂತಿಯಲ್ಲಿ ಬಟ್ಟೆ ಮೊದಲೇ ಇರುತ್ತದೆ, ಸೂಜಿ ಆಮೇಲೆ ಬರುತ್ತದೆ. ನೀವು ನೋಡಿದ್ದು ಟ್ಯಾಪೆಸ್ಟ್ರಿ, ಅಂದರೆ ಮಗ್ಗದಲ್ಲಿ ನೇಯ್ದ ಗೋಡೆಚಿತ್ರ. ಅದರಲ್ಲಿ ಬಟ್ಟೆಯೂ ಚಿತ್ರವೂ ಒಟ್ಟಿಗೇ ಹುಟ್ಟುತ್ತವೆ. ಸೀರೆಯ ಹೊಕ್ಕಿನಂತೆ (ಅಡ್ಡ ನೂಲಿನಂತೆ) ಇಲ್ಲಿನ ಹೊಕ್ಕು ಅಂಚಿನಿಂದ ಅಂಚಿಗೆ ಓಡುವುದಿಲ್ಲ. ಆನೆಯ ಕಿವಿಗೆ ಬೇಕಾದ ಬೂದು ನೂಲು ಕಿವಿಯ ಗಡಿ ಮುಟ್ಟಿ ವಾಪಸ್ಸು ಬರುತ್ತದೆ, ಪಕ್ಕದ ಎಲೆಗೆ ಬೇರೆ ನೂಲು. ಹೀಗೆ ಒತ್ತಿ ಒತ್ತಿ ನೇಯ್ದಾಗ ಹಾಸು (ಮಗ್ಗಕ್ಕೆ ಬಿಗಿದ ಉದ್ದ ನೂಲು) ಪೂರ್ತಿ ಮುಚ್ಚಿಹೋಗುತ್ತದೆ.

ನೇಕಾರ ಕೂರುವುದು ಮಾತ್ರ ಚಿತ್ರದ ಹಿಂಬದಿಗೆ. ಗೋಬ್ಲಾಂನಲ್ಲಿ ನಿಂತ ಮಗ್ಗವೂ ಇತ್ತು, ಮಲಗಿದ ಮಗ್ಗವೂ ಇತ್ತು. ನಿಂತ ಮಗ್ಗದವರು ಆಚೆ ಬದಿಗೆ ಕನ್ನಡಿ ಇಟ್ಟು ಮುಂಭಾಗವನ್ನು ಇಣುಕುತ್ತಿದ್ದರು. ಮಲಗಿದ ಮಗ್ಗದಲ್ಲಿ ಮಾದರಿ ಚಿತ್ರವನ್ನು ಹಾಸಿನ ಕೆಳಗೇ ಇಡುತ್ತಿದ್ದರು. ಅದನ್ನೇ ಅನುಸರಿಸಿ ಹಿಂಬದಿಯಿಂದ ನೇಯುವುದರಿಂದ ಈ ಮಲಗಿದ ಮಗ್ಗದಲ್ಲಿ ಎಡದ್ದು ಬಲಕ್ಕೆ ಬರುತ್ತಿತ್ತು.

ಈ ‘ಇಂಡೀಸ್’ಗೆ ಎಷ್ಟು ಬೇಡಿಕೆ ಅಂದರೆ, ಬಳಸಿ ಬಳಸಿ ಮಾದರಿಗಳೇ ಸವೆದುಹೋದವು. 1730ರ ದಶಕದಲ್ಲಿ ಪ್ರಾಣಿಚಿತ್ರಗಳಿಗೆ ಹೆಸರಾದ ದೇಪೋರ್ತ್ ಹೊಸದಾಗಿ ಬರೆಯಬೇಕಾಯಿತು. ಅದಕ್ಕೆ ‘ಹೊಸ ಇಂಡೀಸ್’ ಎಂದು ಹೆಸರಿಟ್ಟರು. ಅಷ್ಟು ಹೊತ್ತಿಗಾದರೂ ಹೆಸರು ತಿದ್ದಬಹುದಿತ್ತು!

ಮಾಲ್ಟಾದಲ್ಲಿ ಫೋಟೋ ತೆಗೆದಿದ್ದರೆ ಒಂದು ಕಳಿಸಿ. ಪಟ್ಟೆ ಕುದುರೆ ಸಿಕ್ಕಿದ್ದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ.