ನಂಬರ್ ಒನ್, ಯಾರ ಲೆಕ್ಕದಲ್ಲಿ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಕೊರಿಯನ್ ಧಾರಾವಾಹಿಗಳ ಬಗ್ಗೆ ಬರೆಯುತ್ತಾ, ನಟಿ ಐಯು ಅಸಲಿಗೆ ಆ ದೇಶದ ನಂಬರ್ ಒನ್ ಗಾಯಕಿ ಎಂದಿದ್ದೀರಿ. ಪಿಯುಸಿ ಓದುವ ನನ್ನ ಮಗಳು ಅದನ್ನು ಓದಿ ಬಿದ್ದುಬಿದ್ದು ನಕ್ಕಳು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಆಕೆಯ ಹೆಸರೇ ಇಲ್ಲವಂತೆ, ಆಲ್ಬಮ್ ಮಾರಾಟದಲ್ಲಿ ಹುಡುಗರ ಗುಂಪುಗಳ ಹತ್ತಿರಕ್ಕೂ ಬರುವುದಿಲ್ಲವಂತೆ. ಹಾಗಿದ್ದರೆ ಎಂಥ ನಂಬರ್ ಒನ್? ಈ ಚಾರ್ಟುಗಳನ್ನೆಲ್ಲ ಅಭಿಮಾನಿಗಳೇ ದುಡ್ಡು ಸುರಿದು ಕುಣಿಸುತ್ತಾರೆ ಎಂದೂ ಕೇಳಿದ್ದೇನೆ. ನಾನು ನೋಡಿರುವುದು ನೆಟ್‌ಫ್ಲಿಕ್ಸಿನ ಧಾರಾವಾಹಿ ಮಾತ್ರ, ಹಾಡು ಕೇಳಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಐಯು ಆಲ್ಬಮ್ ಒಂದನ್ನು ಕೊಟ್ಟು ಸೇಡು ತೀರಿಸಿಕೊಳ್ಳುವ ಆಸೆ. ಯಾವುದು ಕೊಡಲಿ?"
(ಹಾಸನದ ಓದುಗರು, ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಅಮ್ಮಾ, ಮೊದಲಿಗೆ ನಿಮ್ಮ ಮಗಳಿಗೆ ಸಲ್ಲಬೇಕಾದ್ದು ಸಲ್ಲಲಿ. ಅವಳು ಹೇಳಿದ ಎರಡೂ ಮಾತು ನಿಜ. ಹಾಟ್ 100ರಲ್ಲಿ ಐಯು ಇಲ್ಲ. ಸಿಡಿ ಮಾರಾಟದಲ್ಲೂ ಹತ್ತಾರು ಲಕ್ಷದ ಲೆಕ್ಕದಲ್ಲಿ ಮಾತಾಡುವವರು ಹೆಚ್ಚಾಗಿ ಹುಡುಗರ ಗುಂಪುಗಳೇ. ಹಾಗಂತ ನಮ್ಮ ವಾಕ್ಯವನ್ನು ವಾಪಸ್ ತೆಗೆದುಕೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ. ಹಾಟ್ 100 ಕೇಳುವುದು ಅಮೆರಿಕದವರು ಈ ವಾರ ಏನು ಕೇಳಿದರು, ಏನು ಕೊಂಡರು, ಅಲ್ಲಿನ ರೇಡಿಯೋ ಏನು ಬಿತ್ತರಿಸಿತು ಎಂದು. ಸೋಲ್‌ನಲ್ಲಿ ಬಸ್ಸಿಗೆ ಕಾಯುತ್ತಾ ಇಯರ್‌ಫೋನ್ ಹಾಕಿಕೊಂಡವರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಸಿಡಿ ಮಾರಾಟದ ಪಟ್ಟಿಯದು ಇನ್ನೊಂದು ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೊರಿಯಾದವರು ಏನು ಕೇಳುತ್ತಾರೆ ಎಂಬುದಕ್ಕೆ ಅವರದೇ ಪಟ್ಟಿ ಇದೆ. 2010ರ ಫೆಬ್ರವರಿಯಲ್ಲಿ ಗಾಒನ್ ಚಾರ್ಟ್ ಎಂಬ ಹೆಸರಲ್ಲಿ ಶುರುವಾಗಿ, 2022ರ ಜುಲೈಯಿಂದ ಸರ್ಕಲ್ ಚಾರ್ಟ್ ಆಗಿದೆ. ಅಲ್ಲಿನ ಸಂಗೀತೋದ್ಯಮದ ಸಂಘವೇ ಇದನ್ನು ನಡೆಸುತ್ತದೆ. ಮೆಲಾನ್, ಜೀನಿ, ಬಗ್ಸ್ ಮುಂತಾದ ತಾಣಗಳಲ್ಲಿ ಒಂದು ಹಾಡನ್ನು ಎಷ್ಟು ಸಲ ಕೇಳಿದರು, ಎಷ್ಟು ಜನ ಡೌನ್‌ಲೋಡ್ ಮಾಡಿದರು ಎಂಬುದನ್ನೆಲ್ಲ ಕೂಡಿಸಿ ವಾರವಾರ ಡಿಜಿಟಲ್ ಪಟ್ಟಿ ಬರುತ್ತದೆ. ಈ ಪಟ್ಟಿಯಲ್ಲಿ ಅತಿ ಹೆಚ್ಚು ಹಾಡುಗಳನ್ನು ಮೊದಲ ಸ್ಥಾನಕ್ಕೆ ಏರಿಸಿದವರು ಐಯು. ನಾವು ನಂಬರ್ ಒನ್ ಎಂದಿದ್ದು ಈ ಅರ್ಥದಲ್ಲಿ.

ಹಾಗಂತ ಹುಟ್ಟುತ್ತಲೇ ನಂಬರ್ ಒನ್ ಆದವರಲ್ಲ. ಲೀ ಜಿ-ಉನ್ ಎಂಬ ಹುಡುಗಿ 2008ರ ಸೆಪ್ಟೆಂಬರಿನಲ್ಲಿ ಐಯು ಎಂಬ ಹೆಸರಿಟ್ಟುಕೊಂಡು ವೇದಿಕೆ ಹತ್ತಿದಾಗ ವಯಸ್ಸು ಹದಿನೈದು. ಮೊದಲ ಹಾಡು 'ಮಿಆ', ದುಃಖದ ಗಂಭೀರ ಹಾಡು. ಜನ ತಿರುಗಿಯೂ ನೋಡಲಿಲ್ಲ. ಮುಂದಿನ ವರ್ಷ ಕಂಪನಿಯವರು 'ಬೂ', 'ಮಾರ್ಷ್‌ಮ್ಯಾಲೋ' ಎಂಬ ಮುದ್ದುಮುದ್ದು ಹಾಡುಗಳನ್ನು ಹಾಡಿಸಿ ನೋಡಿದರು. ಅದಕ್ಕಿಂತ ಹೆಚ್ಚು ಹೆಸರು ತಂದದ್ದು, ಬೇರೆ ಗುಂಪುಗಳ ಕುಣಿತದ ಹಾಡುಗಳನ್ನು ಬರೀ ಒಂದು ಗಿಟಾರ್ ಹಿಡಿದು ಆಕೆ ಹಾಡಿದ ವಿಡಿಯೋಗಳು. 2010ರ ಜೂನಿನಲ್ಲಿ 2ಎಎಮ್ ಗುಂಪಿನ ಇಮ್ ಸುಲ್-ಒಂಗ್ ಜೊತೆ ಹಾಡಿದ 'ನ್ಯಾಗಿಂಗ್' ಪಟ್ಟಿಯ ತುದಿ ಮುಟ್ಟಿತು. ಡಿಸೆಂಬರಿನಲ್ಲಿ ಬಂತು 'ಗುಡ್ ಡೇ'.

ಈ ಹಾಡನ್ನು ನೀವು ಕೇಳಲೇಬೇಕು. ಲೀ ಮಿನ್-ಸೂ ಸಂಗೀತ, ಕಿಮ್ ಈನಾ ಸಾಹಿತ್ಯ. ತಂತಿವಾದ್ಯಗಳು, ಕಹಳೆ, ಹಳೆಯ ಸಂಗೀತ ನಾಟಕದ ಠೀವಿ. ಹುಡುಗನಿಗೆ ಪ್ರೀತಿ ಹೇಳಲಾಗದೆ ಒದ್ದಾಡುವ ಹುಡುಗಿ, ಹವೆ ಎಷ್ಟು ಚೆನ್ನಾಗಿದೆ ನೋಡು ಎಂದು ಮಾತು ಹಾರಿಸುತ್ತಾಳೆ. ಕೊನೆಯ ಹೊತ್ತಿಗೆ ಸ್ವರ ಮೇಲಕ್ಕೆ ಹೋಗಿ ನಿಲ್ಲುತ್ತದೆ, ಉಸಿರು ಬಿಡದೆ ಇನ್ನರ್ಧ ಮೆಟ್ಟಿಲು ಏರುತ್ತದೆ, ಅಲ್ಲಿಂದ ಮತ್ತೂ ಅರ್ಧ ಮೆಟ್ಟಿಲು. ಮೂರು ಹಂತದ ಏರುದನಿ ಎಂದು ಕೊರಿಯಾದಲ್ಲಿ ಅದಕ್ಕೆ ಹೆಸರೇ ಬಿತ್ತು. ಟೀವಿಯಲ್ಲಿ ಅದನ್ನು ಹಾಡಿ ನೋಡಿ ಕೆಮ್ಮಿದವರಿಗೆ ಲೆಕ್ಕವಿಲ್ಲ. ಹಾಡು ಗಾಒನ್ ಪಟ್ಟಿಯ ತುದಿಯಲ್ಲಿ ಸತತ ಐದು ವಾರ ಕೂತಿತು. ನಿಮ್ಮ ಮಗಳು ಪ್ರಮಾಣವೆಂದು ನಂಬಿರುವ ಅದೇ ಬಿಲ್‌ಬೋರ್ಡ್ ಪತ್ರಿಕೆ, 2019ರಲ್ಲಿ ಆ ದಶಕದ ನೂರು ಶ್ರೇಷ್ಠ ಕೆ-ಪಾಪ್ (ಕೊರಿಯನ್ ಪಾಪ್) ಹಾಡುಗಳನ್ನು ಆರಿಸಿದಾಗ ಮೊದಲ ಸ್ಥಾನ ಕೊಟ್ಟಿದ್ದು 'ಗುಡ್ ಡೇ'ಗೆ. ಇದನ್ನು ಅವಳಿಗೆ ಊಟದ ಹೊತ್ತಿನಲ್ಲಿ ತಿಳಿಸಿ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಅಭಿಮಾನಿಗಳು ದುಡ್ಡು ಸುರಿದು ಪಟ್ಟಿ ಏರಿಸುತ್ತಾರೆಯೇ? ಏರಿಸುತ್ತಾರೆ. ಕೊರಿಯಾದಲ್ಲಿ ಸಿಡಿ ಎನ್ನುವುದು ಈಗ ಹೆಚ್ಚುಕಡಿಮೆ ನೆಪ. ಡಬ್ಬದೊಳಗೆ ಫೋಟೋಗಳ ಪುಸ್ತಕ, ಯಾವ ಸದಸ್ಯನದು ಸಿಗುತ್ತದೋ ಗೊತ್ತಿಲ್ಲದ ಚಿತ್ರದ ಕಾರ್ಡು, ಒಂದೇ ಆಲ್ಬಮ್ಮಿಗೆ ಮೂರು ನಾಲ್ಕು ಬಗೆಯ ಹೊದಿಕೆ. ಗಾಯಕರನ್ನು ಎದುರಾಬದುರು ಕಂಡು ಹಸ್ತಾಕ್ಷರ ಪಡೆಯುವ ಕಾರ್ಯಕ್ರಮಕ್ಕೆ ಚೀಟಿ ಎತ್ತುತ್ತಾರೆ, ಹೆಚ್ಚು ಸಿಡಿ ಕೊಂಡವರಿಗೆ ಹೆಚ್ಚು ಚೀಟಿ. ಒಬ್ಬರೇ ಹತ್ತಿಪ್ಪತ್ತು ಪ್ರತಿ ಕೊಳ್ಳುವುದು ಅಲ್ಲಿ ಸುದ್ದಿಯೇ ಅಲ್ಲ. ಅಮೆರಿಕದ ಪಟ್ಟಿಯೂ ಈ ಹುಮ್ಮಸ್ಸಿಗೆ ಅಲುಗಾಡುತ್ತದೆ. 2023ರ ಏಪ್ರಿಲ್‌ನಲ್ಲಿ ಬಿಟಿಎಸ್ ಎಂಬ ಹುಡುಗರ ಗುಂಪಿನ ಜಿಮಿನ್ ಹಾಡಿದ 'ಲೈಕ್ ಕ್ರೇಜಿ' ಹಾಟ್ 100ರ ಮೊದಲ ಸ್ಥಾನಕ್ಕೆ ನೇರವಾಗಿ ಹಾರಿತು. ಒಬ್ಬಂಟಿ ಕೊರಿಯನ್ ಗಾಯಕರಲ್ಲಿ ಅವರೇ ಮೊದಲಿಗರು. ಮರುವಾರ ಅದೇ ಹಾಡು 45ನೇ ಸ್ಥಾನದಲ್ಲಿತ್ತು. ಹಾಡು ಕೆಟ್ಟದ್ದೆಂದಲ್ಲ, ನನಗೇ ಇಷ್ಟ. ಮೊದಲ ದಿನ ಮೊದಲ ಆಟಕ್ಕೆ ಚಿತ್ರಮಂದಿರ ತುಂಬುವುದು ಬೇರೆ, ಸಿನಿಮಾ ನೂರು ದಿನ ಓಡುವುದು ಬೇರೆ, ಅಷ್ಟೇ. ಐಯು ನೂರು ದಿನದ ಪೈಕಿ.

ಡಿಜಿಟಲ್ ಪಟ್ಟಿಯಲ್ಲೂ ಕಳ್ಳಾಟ ಇಲ್ಲವೆಂದಲ್ಲ. ಯಂತ್ರಗಳಿಂದ ಹಾಡು ಕೇಳಿಸಿ ಪಟ್ಟಿ ಏರಿಸುವ ದಂಧೆಯ ಬಗ್ಗೆ ಕೊರಿಯಾದಲ್ಲಿ ವರ್ಷಗಟ್ಟಲೆ ರಂಪವಾಗಿದೆ. ಅಭಿಮಾನಿಗಳಂತೂ ನಡುರಾತ್ರಿ ಎದ್ದು ಕೂತು, ಉಳಿದವರು ಮಲಗಿರುವಾಗ ತಮ್ಮವರ ಹಾಡನ್ನು ತಿರುಗಿಸಿ ತಿರುಗಿಸಿ ಬೆಳಗಾಗುವುದರೊಳಗೆ ಮೇಲೆ ತರುತ್ತಿದ್ದರು. ಅದಕ್ಕೇ 2017ರ ಫೆಬ್ರವರಿಯಲ್ಲಿ ನಿಯಮ ಬದಲಾಯಿತು: ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರೊಳಗೆ ಬಿಟ್ಟ ಹಾಡು ಮಾತ್ರ ಆಗಿಂದಾಗ್ಗೆ ಪಟ್ಟಿಗೆ ಬರುತ್ತಿತ್ತು, ಬೇರೆ ಹೊತ್ತಿನಲ್ಲಿ ಬಿಟ್ಟರೆ ಮರುದಿನ ಮಧ್ಯಾಹ್ನದವರೆಗೆ ಕಾಯಬೇಕಿತ್ತು. ಕಂಪನಿಗಳೆಲ್ಲ ಸಂಜೆ ಆರಕ್ಕೆ ಗಡಿಯಾರ ಹೊಂದಿಸಿಕೊಂಡವು.

ಆ ವರ್ಷವೇ ಸೆಪ್ಟೆಂಬರ್ 18ರಂದು, ತನ್ನ ಮೊದಲ ವೇದಿಕೆಗೆ ಒಂಬತ್ತು ವರ್ಷ ತುಂಬಿದ ದಿನ, ಐಯು ಒಂದು ಹಾಡನ್ನು ಬೆಳಗ್ಗೆ ಏಳು ಗಂಟೆಗೆ ಬಿಟ್ಟರು. 'ಆಟಮ್ ಮಾರ್ನಿಂಗ್', ಶರತ್ಕಾಲದ ಬೆಳಗು. 1991ರಲ್ಲಿ ಹಿರಿಯ ಗಾಯಕಿ ಯಾಂಗ್ ಹೀ-ಉನ್ ಹಾಡಿದ್ದು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಾ ಗಡಿಬಿಡಿಯಲ್ಲಿರುವ ತಾಯಿ, ತಣ್ಣೀರು ಹುಡುಕುತ್ತಾ ತೆವಳುವ ಸೋಮಾರಿ ಮಗ, ಇಂಥವೇ ಚಿತ್ರಗಳು. ಶುರುವಿನಲ್ಲಿ ವಾದ್ಯವಿಲ್ಲ, ಬರೀ ದನಿ. ಮುಂಜಾನೆಯ ಹಾಡನ್ನು ಮುಂಜಾನೆ ಕೇಳಬೇಕೆಂದು, ಪಟ್ಟಿಯ ಲೆಕ್ಕದಲ್ಲಿ ಒಂದಿಡೀ ದಿನ ನಷ್ಟವಾಗುವ ಹೊತ್ತನ್ನೇ ಆರಿಸಿಕೊಂಡರು. ಹಾಡು ಆದರೂ ಮೊದಲ ಸ್ಥಾನಕ್ಕೆ ಬಂತು. ಕೇಳಿದವರು ಕೆಲಸಕ್ಕೆ ಹೊರಟ ಸಾಮಾನ್ಯ ಜನ, ನಡುರಾತ್ರಿಯ ಪಡೆಯಲ್ಲ. ಐಯು ಯಶಸ್ಸು ಯಾವ ಬಗೆಯದೆಂದು ತಿಳಿಯಲು ನನಗೆ ಈ ಒಂದು ಪ್ರಸಂಗ ಸಾಕು.

ಒಂದು ಕೊಂಕನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನಿಮ್ಮ ಮಗಳೇ ಹೇಳುತ್ತಾಳೆ. ಐಯು ಬೆಳೆದ ಲೋಎನ್ ಎಂಬ ಕಂಪನಿಯೇ ಕೊರಿಯಾದ ಅತಿದೊಡ್ಡ ಹಾಡಿನ ತಾಣ ಮೆಲಾನ್ ಅನ್ನೂ ನಡೆಸುತ್ತಿತ್ತು. ತಕ್ಕಡಿಯೂ ಅವರದೇ, ಸರಕೂ ಅವರದೇ. ಅನುಮಾನ ಬರುವುದು ಸಹಜ. ಆದರೆ ಪೈಪೋಟಿಯ ತಾಣಗಳಲ್ಲೂ ಅದೇ ಹಾಡುಗಳು ಅದೇ ಹೊತ್ತಿಗೆ ಮೇಲಿದ್ದವು. ಎಲ್ಲ ತಾಣಗಳಲ್ಲೂ ಏಕಕಾಲಕ್ಕೆ ಮೊದಲಾಗುವುದನ್ನು ಅಲ್ಲಿ 'ಆಲ್ ಕಿಲ್' ಎನ್ನುತ್ತಾರೆ, ಐಯು ಹೆಸರಿನ ಜೊತೆ ಆ ಪದ ಅಂಟಿಕೊಂಡೇ ಇದೆ. 2020ರಲ್ಲಿ ಆಕೆ ಬೇರೆ ಸಂಸ್ಥೆಗೆ, ಈಡಮ್‌ಗೆ, ಹೋದ ಮೇಲೂ ಏನೂ ತಗ್ಗಲಿಲ್ಲ.

ಇಷ್ಟಕ್ಕೂ ಜನ ಯಾಕೆ ಬಿಡಲಿಲ್ಲ? ಆಕೆ ತನ್ನ ವಯಸ್ಸನ್ನೇ ಹಾಡಿನ ವಸ್ತು ಮಾಡಿಕೊಂಡರು, ಕೇಳುವವರು ಜೊತೆಗೇ ದೊಡ್ಡವರಾದರು ಎಂಬುದು ನನ್ನ ಅಭಿಪ್ರಾಯ. 2015ರ 'ಟ್ವೆಂಟಿ ಥ್ರೀ'ಯಲ್ಲಿ ಇಪ್ಪತ್ಮೂರರ ಹುಡುಗಿ, ನಾನು ನರಿಯೋ ಕರಡಿಯೋ ನೀವೇ ಹೇಳಿ ಎಂದು ಕೆಣಕುತ್ತಾಳೆ. ಆ ಹಾಡಿರುವ ಆಲ್ಬಮ್ಮನ್ನು ಮೊದಲ ಬಾರಿಗೆ ತಾನೇ ನಿರ್ಮಿಸಿದ್ದು, ಸಾಹಿತ್ಯವೂ ತನ್ನದೇ. ಅದರ 'ಜೆಜೆ' ಹಾಡು ಒಂದು ಬ್ರೆಜಿಲ್ ಕಾದಂಬರಿಯ ಪುಟ್ಟ ಹುಡುಗನನ್ನು ಚಿತ್ರಿಸಿದ ರೀತಿಗೆ ದೊಡ್ಡ ಗಲಾಟೆಯಾಗಿ ಕ್ಷಮೆ ಕೇಳಬೇಕಾಯಿತು. 2017ರ 'ಪ್ಯಾಲೆಟ್'ನಲ್ಲಿ ಇಪ್ಪತ್ತೈದು, ನನಗೆ ಏನಿಷ್ಟವೆಂದು ಈಗೀಗ ಗೊತ್ತಾಗುತ್ತಿದೆ ಎಂಬ ನಿರಾಳ. 2020ರಲ್ಲಿ ಬಿಟಿಎಸ್‌ನ ಶುಗಾ ಜೊತೆಗಿನ 'ಏಯ್ಟ್', ಅಂದರೆ ಇಪ್ಪತ್ತೆಂಟು. ಮರುವರ್ಷ ಮಾರ್ಚ್ 25ಕ್ಕೆ 'ಲೈಲಾಕ್', ಇಪ್ಪತ್ತರ ದಶಕಕ್ಕೆ ವಿದಾಯ. (ಹುಟ್ಟಿದ್ದು 1993ರ ಮೇ, ಹುಟ್ಟಿದ ಕೂಡಲೇ ಒಂದು ವರ್ಷ ಎಣಿಸಿ, ಪ್ರತಿ ಹೊಸವರ್ಷಕ್ಕೆ ಒಂದು ಕೂಡಿಸುವ ಕೊರಿಯಾದ ಹಳೆಯ ಲೆಕ್ಕದಲ್ಲಿ ನೋಡಿದರೆ ವಯಸ್ಸು ಸರಿಹೊಂದುತ್ತದೆ.) 2022ರ ಸೆಪ್ಟೆಂಬರಿನಲ್ಲಿ ಸೋಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಎರಡು ದಿನ ಹಾಡಿದರು. ಅಷ್ಟು ದೊಡ್ಡ ಅಂಗಳವನ್ನು ಒಬ್ಬಳೇ ತುಂಬಿಸಿದ ಮೊದಲ ಕೊರಿಯನ್ ಗಾಯಕಿ. ಇನ್ನು ಮುಂದೆ 'ಗುಡ್ ಡೇ'ಯನ್ನೂ 'ಪ್ಯಾಲೆಟ್'ಅನ್ನೂ ಮಾಮೂಲು ಕಛೇರಿ ಪಟ್ಟಿಯಿಂದ ಕೈಬಿಡುತ್ತೇನೆ ಎಂದದ್ದು ಅಲ್ಲೇ. ಗೆದ್ದ ಹಾಡನ್ನು ಜೀವಮಾನವಿಡೀ ಮಾರುವವರ ನಡುವೆ ಇದು ಅಪರೂಪ.

ಜೊತೆಗೆ ಹಿರಿಯರನ್ನೂ ಕರೆದುಕೊಂಡರು. 'ಆಟಮ್ ಮಾರ್ನಿಂಗ್' ಇರುವ ಸರಣಿಯ ಹೆಸರು 'ಫ್ಲವರ್ ಬುಕ್‌ಮಾರ್ಕ್', ಪೂರ್ತಿ ಹಳೆಯ ಹಾಡುಗಳ ಮರುಗಾಯನ. 2014ರ ಮೊದಲ ಕಂತಿನಲ್ಲಿ ಸನುಲ್ಲಿಮ್ ಬ್ಯಾಂಡಿನ 1984ರ ಹಾಡೊಂದನ್ನು ಆ ಬ್ಯಾಂಡಿನ ಕಿಮ್ ಚಾಂಗ್-ವಾನ್ ಜೊತೆಗೇ ಹಾಡಿದರು. ಮೂರನೆಯ ಕಂತು 2025ರ ಮೇನಲ್ಲಿ ಬಂತು. ಅಪ್ಪ ಅಮ್ಮಂದಿರ ಕಾಲದ ಹಾಡು ಮಕ್ಕಳ ಫೋನಿಗೆ, ಮಕ್ಕಳ ಗಾಯಕಿ ಅಪ್ಪ ಅಮ್ಮಂದಿರ ಕಿವಿಗೆ. ನೀವು ನೋಡಿದ ಧಾರಾವಾಹಿ ಜೆಜು ದ್ವೀಪದ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್' ಆಗಿದ್ದರೆ, ಅಲ್ಲಿ ತಾಯಿಯಾಗಿಯೂ ಮಗಳಾಗಿಯೂ ನಟಿಸಿರುವುದು ಈಕೆಯೇ.

ಇನ್ನು ಉಡುಗೊರೆ. 'ಪ್ಯಾಲೆಟ್' ಕೊಡಿ. ಹೆಸರಿನ ಹಾಡಿನಲ್ಲಿ ಬಿಗ್‌ಬ್ಯಾಂಗ್ ಗುಂಪಿನ ಜಿ-ಡ್ರ್ಯಾಗನ್ ಇರುವುದರಿಂದ ನಿಮ್ಮ ಮಗಳು ಮೂಗು ಮುರಿಯಲಾರಳು. ಅದರಲ್ಲೇ 'ಥ್ರೂ ದ ನೈಟ್' ಇದೆ. ನಿದ್ದೆ ಬಾರದ ರಾತ್ರಿ ಪ್ರಿಯನ ಕಿಟಕಿಯ ಬಳಿಗೆ ಮಿಂಚುಹುಳದ ಬೆಳಕು ಕಳಿಸುವ ಹಾಡು, ಒಂದು ಗಿಟಾರ್, ಪಿಸುದನಿ. ಕುಣಿತವೂ ಇಲ್ಲ, ಮೂರು ಹಂತದ ಏರುದನಿಯೂ ಇಲ್ಲ. 2018ರ ಜನವರಿಯಲ್ಲಿ ಕೊರಿಯಾದ ಗೋಲ್ಡನ್ ಡಿಸ್ಕ್ ಪ್ರಶಸ್ತಿಗಳಲ್ಲಿ ಡಿಜಿಟಲ್ ವಿಭಾಗದ ಮಹಾಪ್ರಶಸ್ತಿ ಅದಕ್ಕೇ ಬಂತು. ನಿಮಗಾದರೆ ಮೊದಲ 'ಫ್ಲವರ್ ಬುಕ್‌ಮಾರ್ಕ್', ಭಾವಗೀತೆ ಕೇಳಿ ಬೆಳೆದ ಕಿವಿಗೆ ಒಗ್ಗುತ್ತದೆ.

ಸಿಡಿ ತರಿಸುವ ಮುಂಚೆ ಅದನ್ನು ಹಾಕಲು ಮನೆಯಲ್ಲಿ ಏನಾದರೂ ಇದೆಯೇ ನೋಡಿಕೊಳ್ಳಿ. ಫೋನಿನಲ್ಲಿ ಎಲ್ಲವೂ ಸಿಗುತ್ತದೆ. ಒಮ್ಮೆ ಮಾತ್ರ, 2021ರ ಮಾರ್ಚ್ ಮೊದಲ ದಿನ, ವಿತರಕರಾದ ಕಾಕಾವೋ ಎಮ್‌ಗೂ ಸ್ಪಾಟಿಫೈಗೂ ಒಪ್ಪಂದ ಮುರಿದು ಐಯು ಹಾಡುಗಳು ಜಗತ್ತಿನಾದ್ಯಂತ, ನಮ್ಮ ದೇಶದಲ್ಲೂ, ಸ್ಪಾಟಿಫೈನಿಂದ ಮಾಯವಾಗಿದ್ದವು. ಹತ್ತು ದಿನಕ್ಕೆ ರಾಜಿಯಾಗಿ ಮರಳಿದವು, 'ಲೈಲಾಕ್' ಬರುವುದಕ್ಕೆ ಸರಿಯಾಗಿ ಎರಡು ವಾರ ಇರುವಾಗ. ಮಗಳು ಏನೆಂದಳು ಬರೆದು ತಿಳಿಸಿ. ಅವಳೇ ಬರೆದರೂ ಅಡ್ಡಿಯಿಲ್ಲ, ಬಿಟಿಎಸ್ ಪರವಾಗಿ ಒಂದು ಪುಟ ಜಾಗ ಕೊಡುತ್ತೇವೆ.